ಮದ್ದೋ ಅಮಲೋ? ತಲುಪಿಸುವವನ ಹೊಣೆ

ಅಮಲು ಪದಾರ್ಥಗಳ ವ್ಯಾಪಾರ ನಿಷಿದ್ಧವೆಂದು ಮುಸ್ಲಿಮ್ ಮನೆಯ ಪುಟ್ಟ ಮಗುವಿಗೂ ಗೊತ್ತು. ರೋಗಿಯ ಸೇವೆ ಪುಣ್ಯಕಾರ್ಯವೆಂಬುದೂ ಗೊತ್ತು. ಇವೆರಡರ ನಡುವೆ ಸಾಮಾನ್ಯವಾಗಿ ಗೊಂದಲವೇನೂ ಇರುವುದಿಲ್ಲ. ಆದರೆ ಒಂದೇ ವಸ್ತು ಒಬ್ಬನ ಪಾಲಿಗೆ ಅಮಲಾಗಿಯೂ ಇನ್ನೊಬ್ಬನ ಪಾಲಿಗೆ ಮದ್ದಾಗಿಯೂ ಇದ್ದರೆ? ಅದನ್ನು ಮನೆಬಾಗಿಲಿಗೆ ತಲುಪಿಸುವ ವ್ಯವಸ್ಥೆಯನ್ನು ರೂಪಿಸುವ ಕೆಲಸ ನಿಮ್ಮ ಮನೆಯ ಮಗನಿಗೇ ಬಂದರೆ? ಆಗ ನೀವು ಅವನಿಗೆ ಏನು ಹೇಳುವಿರಿ?

ಇದು ಬರಿಯ ಕಲ್ಪನೆಯ ಪ್ರಶ್ನೆಯಲ್ಲ. 2020ರ ಫೆಬ್ರವರಿಯಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಗಾಂಜಾ ಗಿಡದಿಂದ ತಯಾರಿಸಿದ ಔಷಧಗಳ ಚಿಕಿತ್ಸಾಲಯವೊಂದು ತೆರೆಯಿತು. ದೇಶದಲ್ಲೇ ಮೊದಲನೆಯದೆಂದು ಪತ್ರಿಕೆಗಳು ಅದನ್ನು ವರದಿ ಮಾಡಿದವು. 'ವಿಜಯ' ಎಂಬ ಆಯುರ್ವೇದದ ಹೆಸರಿನಲ್ಲಿ ಇಂತಹ ಎಣ್ಣೆ, ಗುಳಿಗೆಗಳನ್ನು ಮಾರುವ ಕಂಪೆನಿಗಳು ದೇಶದ ಹಲವೆಡೆ ಇವೆ. ಫೋನಿನಲ್ಲೇ ವೈದ್ಯರ ಸಲಹೆ ಕೊಡಿಸಿ, ಕೊರಿಯರ್ ಮೂಲಕ ಮನೆಗೆ ಕಳುಹಿಸುವ ಏರ್ಪಾಡು ಅವುಗಳದ್ದು. ಊಟ, ತರಕಾರಿ, ಔಷಧ ಎಲ್ಲವೂ ಮೊಬೈಲ್ ಒತ್ತಿದರೆ ಬಾಗಿಲಿಗೆ ಬರುವ ನಗರ ಬೆಂಗಳೂರು. ಆ ಆ್ಯಪ್‌ಗಳನ್ನು ಬರೆಯುವವರಲ್ಲಿಯೂ ಸ್ಕೂಟರಿನಲ್ಲಿ ಚೀಲ ಹೊತ್ತು ಓಡುವವರಲ್ಲಿಯೂ ನಮ್ಮ ಮನೆಗಳ ಮಕ್ಕಳಿದ್ದಾರೆ.

ಉಪ್ಪಾರಪೇಟೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಮೆಜೆಸ್ಟಿಕ್‌ನ ಬಸ್ಸು, ರೈಲು ನಿಲ್ದಾಣಗಳ ಮಗ್ಗುಲಲ್ಲಿರುವ ಈ ಪೇಟೆಯಲ್ಲಿ ಮನೆ, ಅಂಗಡಿ, ಲಾಡ್ಜ್‌ಗಳು ಒತ್ತೊತ್ತಾಗಿವೆ. ಕಿದ್ವಾಯಿ, ವಿಕ್ಟೋರಿಯಾ ಆಸ್ಪತ್ರೆಗಳಿಗೆಂದು ಜಿಲ್ಲೆಗಳಿಂದ ಬರುವ ಎಷ್ಟೋ ರೋಗಿಗಳು ಮೊದಲು ಇಳಿಯುವುದು ಇಲ್ಲಿಯೇ. ಒಂದು ಕೋಣೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯ ವಾಂತಿಯಿಂದ ಬಸವಳಿದ ತಾಯಿಯೊಬ್ಬಳು ಮಲಗಿರಬಹುದು. ಪಕ್ಕದ ಕೋಣೆಯಲ್ಲಿ ಮನೆ ಬಿಟ್ಟು ಬಂದ ಹುಡುಗನೊಬ್ಬ ಅಮಲಿಗಾಗಿ ಹಾತೊರೆಯುತ್ತಿರಬಹುದು. ಎರಡೂ ಬಾಗಿಲುಗಳಿಗೆ ಬರುವ ಪೊಟ್ಟಣ ಹೊರನೋಟಕ್ಕೆ ಒಂದೇ. ಆ್ಯಪ್‌ನ ಲೆಕ್ಕದಲ್ಲಿ ಅವೆರಡೂ ಬರಿಯ ವಿಳಾಸಗಳು. ನಮ್ಮ ಪ್ರಶ್ನೆ ಹುಟ್ಟುವುದು ಈ ಎರಡು ಬಾಗಿಲುಗಳ ಮುಂದೆ.

ಕಾನೂನಿನ ಗೆರೆ

ಎನ್.ಡಿ.ಪಿ.ಎಸ್. ಎಂದು ಕರೆಯಲಾಗುವ 1985ರ ಮಾದಕ ದ್ರವ್ಯಗಳ ಕಾಯ್ದೆಯು ಗಾಂಜಾ ಗಿಡದ ಹೂ, ಕಾಯಿ ಕಟ್ಟಿದ ತುದಿಗಳನ್ನೂ ಅದರ ಅಂಟಿನಿಂದಾಗುವ ಚರಸನ್ನೂ ನಿರ್ಬಂಧಿಸಿದೆ. ತುದಿಯಿಂದ ಬೇರ್ಪಡಿಸಿದ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗಿವೆ. 2022ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಜಾಮೀನು ನೀಡುತ್ತಾ ಕರ್ನಾಟಕ ಹೈಕೋರ್ಟು, ಭಂಗಿಯನ್ನು ಈ ಕಾಯ್ದೆ ನಿಷಿದ್ಧ ಪದಾರ್ಥವೆಂದು ಎಲ್ಲಿಯೂ ಹೆಸರಿಸಿಲ್ಲವೆಂದು ಗಮನಿಸಿತು. ಎಲೆಯಿಂದ ಔಷಧ ತಯಾರಿಸುವವರು ನಿಂತಿರುವುದು ಈ ಸಂದಿನಲ್ಲಿ.

ಹಾಗೆಂದು ಅದು ಯಾರು ಬೇಕಾದರೂ ಹೇಗೆ ಬೇಕಾದರೂ ಮಾರುವ ವಸ್ತುವಲ್ಲ. ಔಷಧ ನಿಯಮಗಳಲ್ಲಿರುವ ಆಯುರ್ವೇದದ ವಿಷಪದಾರ್ಥಗಳ ಪಟ್ಟಿಯಲ್ಲಿ ಭಂಗಿಯ ಹೆಸರಿದೆ. ಅಂತಹ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆಯನ್ನು ಮುದ್ರಿಸಲೇಬೇಕು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಕಾಲದಲ್ಲಿ ಔಷಧಗಳನ್ನು ಮನೆಗೆ ತಲುಪಿಸಲು ಕೇಂದ್ರ ಸರಕಾರ ಅನುಮತಿ ನೀಡಿದಾಗಲೂ ಮಾದಕ ದ್ರವ್ಯಗಳನ್ನು ಅದರಿಂದ ಹೊರಗಿಟ್ಟಿತ್ತು.

ಕಾನೂನನ್ನು ಪಾಲಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ. ಆದರೆ ಕಾನೂನಿನ ಸಂದಿನಲ್ಲಿ ನುಸುಳಿ ಪಾರಾದ ಮಾತ್ರಕ್ಕೆ ಒಂದು ಕೆಲಸ ಶುದ್ಧವಾಗುವುದಿಲ್ಲ. ಎಲೆಯಲ್ಲಿಯೂ ಕಡಿಮೆ ಪ್ರಮಾಣದಲ್ಲಿ ಅದೇ ಅಮಲಿನ ಅಂಶವಿದೆ. ಆದುದರಿಂದ ದೇವನ ಮುಂದೆ ಉತ್ತರಿಸಬೇಕಾದವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯೋಚಿಸಬೇಕು.

ವೈದ್ಯವಿಜ್ಞಾನದ ಮಾತು

ಈ ಗಿಡದಲ್ಲಿ ಔಷಧಗುಣವೇ ಇಲ್ಲವೆಂದು ವಾದಿಸುವುದು ಸತ್ಯಕ್ಕೆ ದೂರವಾದೀತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರಲ್ಲಿ ಆವರೆಗಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ ವರದಿ ನೀಡಿದವು. ದೀರ್ಘಕಾಲದ ನೋವು, ಕ್ಯಾನ್ಸರ್ ಔಷಧದಿಂದಾಗುವ ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಸೆಡೆತ - ಈ ಮೂರರಲ್ಲಿ ಉಪಯೋಗಕ್ಕೆ ಗಟ್ಟಿ ಆಧಾರವಿದೆಯೆಂದು ಅವು ಹೇಳಿದವು. ಮಕ್ಕಳ ಎರಡು ಬಗೆಯ ಕಠಿಣ ಅಪಸ್ಮಾರಕ್ಕೆ, ಇದೇ ಗಿಡದಿಂದ ಪಡೆದ, ಅಮಲೇರಿಸದ ಅಂಶವೊಂದರ ಔಷಧವನ್ನು ಅಲ್ಲಿಯ ಸರಕಾರ 2018ರಲ್ಲಿ ಅಂಗೀಕರಿಸಿತು.

ಆದರೆ ಪಟ್ಟಿ ಅಷ್ಟಕ್ಕೇ ನಿಲ್ಲುವುದಿಲ್ಲ. ವ್ಯಾಪಾರಿಗಳ ಬಾಯಲ್ಲಿ ಅದು ನಿದ್ದೆಗೆ, ಚಿಂತೆಗೆ, ಸುಸ್ತಿಗೆ, ಕೊನೆಗೆ ಕ್ಯಾನ್ಸರನ್ನೇ ಗುಣಪಡಿಸುವುದಕ್ಕೂ ಸಿದ್ಧೌಷಧವಾಗುತ್ತದೆ. ಕ್ಯಾನ್ಸರ್ ಗುಣವಾಗುತ್ತದೆಂಬುದಕ್ಕೆ ಪುರಾವೆಯಿಲ್ಲ. ಎಳೆಯ ವಯಸ್ಸಿನಲ್ಲಿ ಗಾಂಜಾ ಸೇವನೆಗೆ ಬಿದ್ದವರಿಗೆ ಚಿತ್ತವಿಕಾರದ ಅಪಾಯ ಹೆಚ್ಚುತ್ತದೆಂಬುದಕ್ಕಾದರೋ ಪುರಾವೆಯಿದೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯ ಪ್ರಕಾರ, ಭಂಗಿ, ಗಾಂಜಾ, ಚರಸ್‌ಗಳಲ್ಲಿ ಒಂದಲ್ಲ ಒಂದನ್ನು ಒಂದು ವರ್ಷದಲ್ಲಿ ಸೇವಿಸಿದವರು ನಮ್ಮ ದೇಶದಲ್ಲಿ ಸುಮಾರು 3.1 ಕೋಟಿ ಮಂದಿ. ಅವರಲ್ಲಿ ನಿಜವಾದ ರೋಗಿಗಳೆಷ್ಟು, ಅಮಲಿಗೆ ಬಿದ್ದವರೆಷ್ಟು? ಒಮ್ಮೆ ಯೋಚಿಸಿ ನೋಡಿ.

ಶರೀಅತ್‌ನ ಮಾನದಂಡ

ಇಸ್ಲಾಮ್ ಬುದ್ಧಿಯನ್ನು ಅಲ್ಲಾಹನ ದೊಡ್ಡ ಅನುಗ್ರಹವೆಂದು ಪರಿಗಣಿಸುತ್ತದೆ. ಅದರ ರಕ್ಷಣೆಯು ಶರೀಅತ್‌ನ ಮೂಲ ಉದ್ದೇಶಗಳಲ್ಲೊಂದು. ಬುದ್ಧಿಯನ್ನು ಮಂಕುಗೊಳಿಸುವ ಪ್ರತಿಯೊಂದೂ ಮದ್ಯದ ಸಾಲಿಗೆ ಸೇರಿದ್ದೆಂದೂ ಹೆಚ್ಚು ಸೇವಿಸಿದರೆ ಅಮಲೇರಿಸುವಂಥದ್ದು ಕಡಿಮೆಯಾದರೂ ನಿಷಿದ್ಧವೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಗಾಂಜಾ ಗಿಡದ ಹಶೀಶ್ ಮುಸ್ಲಿಮ್ ನಾಡುಗಳಲ್ಲಿ ಹರಡಿದಾಗ ಇಮಾಮ್ ಇಬ್ನು ತೈಮಿಯ್ಯ(ರ) ಅದನ್ನು ನಿಷಿದ್ಧವೆಂದು ಸಾರಿದರು. ಇಮಾಮ್ ಝರ್ಕಶಿ(ರ) ಆ ವಿಷಯದಲ್ಲಿ ಪ್ರತ್ಯೇಕ ಕೃತಿಯನ್ನೇ ಬರೆದರು.

ಇನ್ನೊಂದು ಕಡೆ, ರೋಗ ಬಂದಾಗ ಚಿಕಿತ್ಸೆ ಮಾಡಿಸಿಕೊಳ್ಳಿರೆಂದು ಆಜ್ಞಾಪಿಸಿದವರೂ ಅದೇ ಪ್ರವಾದಿವರ್ಯರು(ಸ). ಪುರುಷರಿಗೆ ರೇಶ್ಮೆ ನಿಷಿದ್ಧವಾಗಿದ್ದರೂ ತುರಿಕೆಯಿಂದ ಬಳಲುತ್ತಿದ್ದ ಇಬ್ಬರು ಸಹಾಬಿಗಳಿಗೆ ಅವರು ರೇಶ್ಮೆಯ ಅಂಗಿ ತೊಡಲು ಅನುಮತಿಯಿತ್ತರು. ಯುದ್ಧದಲ್ಲಿ ಮೂಗು ಕಳೆದುಕೊಂಡವರೊಬ್ಬರಿಗೆ ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ನಿಷಿದ್ಧ ವಸ್ತುವಿನಲ್ಲಿ ಚಿಕಿತ್ಸೆಯಿಲ್ಲವೆಂಬ ವಚನಗಳನ್ನು ಆಧರಿಸಿ ಕೆಲವು ವಿದ್ವಾಂಸರು ಇದನ್ನು ಕಟ್ಟುನಿಟ್ಟಾಗಿ ತಡೆದಿದ್ದಾರೆ. ಬೇರೆ ಧರ್ಮಸಮ್ಮತ ಮದ್ದಿಲ್ಲದಾಗ, ಬಲ್ಲ ವೈದ್ಯನ ಮಾತಿನ ಮೇಲೆ, ಬೇಕಾದಷ್ಟೇ ಪ್ರಮಾಣದಲ್ಲಿ ಬಳಸಬಹುದೆಂದು ಇನ್ನು ಕೆಲವರು ಹೇಳಿದ್ದಾರೆ. ಕೊಳೆತ ಅಂಗವನ್ನು ಕತ್ತರಿಸಬೇಕಾದಾಗ ಪ್ರಜ್ಞೆ ತಪ್ಪಿಸುವ ಸಸ್ಯದ ಮದ್ದನ್ನು ಕೊಡಬಹುದೆಂದು ಇಮಾಮ್ ನವವಿಯವರಂತಹ(ರ) ಶಾಫಿಈ ವಿದ್ವಾಂಸರು ಬರೆದಿದ್ದಾರೆ. ನಿಮ್ಮ ರೋಗ, ನಿಮ್ಮ ಔಷಧದ ಬಗ್ಗೆ ತೀರ್ಪು ಬೇಕಾದರೆ ವೈದ್ಯರನ್ನೂ ವಿದ್ವಾಂಸರನ್ನೂ ಕೇಳಿ ತಿಳಿದುಕೊಳ್ಳಿ. ಈ ಲೇಖನ ಫತ್ವಾ ಅಲ್ಲ.

ಆದರೆ ಅನುಮತಿ ನೀಡಿದವರೆಲ್ಲರೂ ಒಪ್ಪುವ ಒಂದು ಮಾತಿದೆ. ಅನಿವಾರ್ಯತೆಯ ರಿಯಾಯಿತಿ ಅನಿವಾರ್ಯತೆಯಷ್ಟೇ ಅಗಲ. ಹಸಿವಿನಿಂದ ಕಂಗೆಟ್ಟವನಿಗೆ ನಿಷಿದ್ಧ ಆಹಾರವನ್ನು ಅನುಮತಿಸುವಾಗ ಪವಿತ್ರ ಕುರ್‌ಆನ್ ಎರಡು ಷರತ್ತುಗಳನ್ನು ಇಟ್ಟಿದೆ (ಅಲ್ ಬಕರ: 173). ಒಂದು, ಅದರ ಬಯಕೆ ಇರಬಾರದು. ಎರಡು, ಮಿತಿ ಮೀರಬಾರದು. ಬಯಕೆ ಮತ್ತು ಮಿತಿ - ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ಯಾಕೆಂದರೆ ಇಂದಿನ ಮೊಬೈಲ್ ವ್ಯಾಪಾರ ನಡೆಯುವುದೇ ಬಯಕೆಯನ್ನು ಕೆರಳಿಸುವುದರಿಂದ ಮತ್ತು ಮಿತಿಯನ್ನು ಮರೆಸುವುದರಿಂದ.

ಬಾಗಿಲು ಪೂರ್ತಿ ಮುಚ್ಚಿದಾಗ

'ಇಷ್ಟೆಲ್ಲ ತೊಂದರೆ ಯಾಕೆ? ಎಲ್ಲವನ್ನೂ ನಿಷೇಧಿಸಿದರೆ ಆಯಿತಲ್ಲ' ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ನಮ್ಮ ದೇಶವೇ ಒಂದು ಕಹಿ ಉತ್ತರವನ್ನು ಕಂಡಿದೆ.

ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಮಾರ್ಫಿನ್ ಅತ್ಯಂತ ಅಗ್ಗದ, ಪರಿಣಾಮಕಾರಿ ಮದ್ದು. ಅದು ಅಫೀಮಿನಿಂದ ಬರುತ್ತದೆ. ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ಹೊರದೇಶಗಳಿಗೂ ಕಳುಹಿಸುವ ದೇಶ ನಮ್ಮದು. 1985ರ ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ಜಂಜಾಟ, ಜೈಲಿನ ಭಯ ಎಷ್ಟು ಹೆಚ್ಚಿತೆಂದರೆ ಆಸ್ಪತ್ರೆಗಳೂ ಔಷಧ ಅಂಗಡಿಗಳೂ ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ಇಡೀ ದೇಶದ ಒಂದು ವರ್ಷದ ಬಳಕೆ ಸುಮಾರು 18 ಕಿಲೋಗೆ ಕುಸಿಯಿತು. 1985ಕ್ಕೆ ಹೋಲಿಸಿದರೆ ಇದು ಶೇಕಡಾ 90ಕ್ಕೂ ಮೀರಿದ ಇಳಿಕೆ. ಅಮಲುಕೋರರು ಬೇರೆ ದಾರಿ ಹುಡುಕಿಕೊಂಡರು. ಹಾಸಿಗೆ ಹಿಡಿದ ಬಡ ರೋಗಿಗೆ ಮಾತ್ರ ಬೇರೆ ದಾರಿ ಇರಲಿಲ್ಲ. ನರಳಿ ನರಳಿಯೇ ಪ್ರಾಣ ಬಿಡಬೇಕಾಯಿತು. ಈ ತಪ್ಪನ್ನು ತಿದ್ದಲು ಸಂಸತ್ತು 2014ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಮಾರ್ಫಿನ್‌ನಂತಹ ಅವಶ್ಯಕ ಔಷಧಗಳಿಗೆ ದೇಶಕ್ಕೆಲ್ಲ ಏಕರೂಪದ ಸುಲಭ ನಿಯಮ ಮಾಡಬೇಕಾಯಿತು. ಮೂವತ್ತು ವರ್ಷ!

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಮಾದರಿಯೂ ಬೆಳೆಯಿತು. 1994ರಲ್ಲಿ ಹುಟ್ಟಿಕೊಂಡ ಟ್ರಸ್ಟೊಂದು ಕಟ್ಟಿದ ಕರುಣಾಶ್ರಯವು 1999ರಿಂದ, ಗುಣವಾಗುವ ಭರವಸೆಯಿಲ್ಲದ ಕ್ಯಾನ್ಸರ್ ರೋಗಿಗಳನ್ನು ಜಾತಿ ಮತ ನೋಡದೆ, ಹಣ ಪಡೆಯದೆ ಆರೈಕೆ ಮಾಡುತ್ತಿದೆ. ಅಲ್ಲಿಯ ದಾದಿಯರು ರೋಗಿಗಳ ಮನೆಗಳಿಗೂ ಹೋಗುತ್ತಾರೆ. ಮನೆಬಾಗಿಲಿಗೆ ನೋವಿನ ಮದ್ದು ಹೋಗುವುದಾದರೆ ಅದು ಹೀಗೆಯೇ ಹೋಗಬೇಕು. ಮದ್ದಿನೊಂದಿಗೆ ಒಬ್ಬ ಮನುಷ್ಯ ಹೋಗುತ್ತಾನೆ, ರೋಗಿಯ ಮುಖ ನೋಡುತ್ತಾನೆ, ನಿನ್ನೆಗಿಂತ ಇಂದು ಹೇಗಿದೆ ಎಂದು ಕೇಳುತ್ತಾನೆ.

ಬಾಗಿಲು ಪೂರ್ತಿ ತೆರೆದಾಗ

ಇನ್ನು ಎದುರು ತುದಿಯನ್ನು ನೋಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲಿಯೇ ರೋಗಿಗಳಿಗೆ ಗಾಂಜಾ ಬಳಸಲು ಅವಕಾಶ ದೊರೆತಿತ್ತು. 2014ರಲ್ಲಿ ಅಲ್ಲಿ ಈಝ್ ಎಂಬ ಕಂಪೆನಿ ಹುಟ್ಟಿ, ಮೊಬೈಲ್ ಮೂಲಕ ರೋಗಿಗಳ ಮನೆಗೆ ಅದನ್ನು ತಲುಪಿಸುವ ಏರ್ಪಾಡು ಮಾಡಿತು. ಮರುವರ್ಷ, ವಿಡಿಯೋದಲ್ಲೇ ವೈದ್ಯರ ಶಿಫಾರಸು ಕೊಡಿಸುವ ಸೇವೆಯನ್ನೂ ಸೇರಿಸಿತು. 2018ರ ಜನವರಿ 1ರಿಂದ ಆ ರಾಜ್ಯದಲ್ಲಿ 21 ವರ್ಷ ದಾಟಿದ ಯಾರು ಬೇಕಾದರೂ ಮೋಜಿಗಾಗಿ ಗಾಂಜಾ ಕೊಳ್ಳಬಹುದಾಯಿತು. ಆಗ ಆ ಆ್ಯಪ್ ಎಲ್ಲರಿಗೂ ತೆರೆದುಕೊಂಡಿತು. ರೋಗಿ ಎಂಬ ಮಾತು ಹಿಂದೆ ಸರಿದು ಗಿರಾಕಿ ಎಂಬ ಮಾತು ಬಂತು. ರೋಗಿಗಾಗಿ ತೆರೆದ ಬಾಗಿಲಲ್ಲಿ ಗಿರಾಕಿ ಒಳಗೆ ಬಂದ.

ಕತೆ ಅಲ್ಲಿಗೂ ಮುಗಿಯಲಿಲ್ಲ. ಗಾಂಜಾ ವ್ಯಾಪಾರದ ಕಾರ್ಡ್ ಪಾವತಿಗಳನ್ನು ಅಮೆರಿಕದ ಬ್ಯಾಂಕುಗಳು ಒಪ್ಪುವುದಿಲ್ಲ. ಆ ಪಾವತಿಗಳನ್ನು ಬೇರೆ ಸಾಮಾನುಗಳ ನಕಲಿ ಅಂಗಡಿಗಳ ಹೆಸರಿನಲ್ಲಿ ತೋರಿಸಿ ಬ್ಯಾಂಕುಗಳಿಗೆ ಮೋಸ ಮಾಡಲಾಯಿತು. ಮೊತ್ತ 15 ಕೋಟಿ ಡಾಲರಿಗೂ ಹೆಚ್ಚು. 2021ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಇಬ್ಬರು ಅಪರಾಧಿಗಳೆಂದು ತೀರ್ಮಾನವಾಯಿತು. ಈಝ್‌ನ ಮಾಜಿ ಮುಖ್ಯಸ್ಥರೊಬ್ಬರು ತಪ್ಪೊಪ್ಪಿಕೊಂಡರು. ಸುಳ್ಳು ಒಂಟಿಯಾಗಿ ಬರುವುದಿಲ್ಲ. ಒಂದು ಮಿತಿಯನ್ನು ದಾಟಿದವನಿಗೆ ಮುಂದಿನ ಮಿತಿ ಕಾಣುವುದೂ ಇಲ್ಲ.

ಹೇಗಿರಬೇಕು ಆ ಆ್ಯಪ್?

ಹಾಗಾದರೆ ಇಂತಹ ಕೆಲಸ ಕೈಗೆ ಬಂದ ಯುವ ಇಂಜಿನಿಯರ್ ಏನು ಮಾಡಬೇಕು? ಪ್ರಿಯ ಸಹೋದರನೇ, ಕುರ್‌ಆನಿನ ಆ ಎರಡು ಷರತ್ತುಗಳನ್ನು ನಿನ್ನ ಯಂತ್ರದೊಳಗೇ ಕೂರಿಸಲು ಸಾಧ್ಯವೇ ಎಂದು ನೋಡು.

ಮೊದಲನೆಯದು ಬಯಕೆ. ಊಟದ ಆ್ಯಪ್ ದಿನಕ್ಕೆ ನಾಲ್ಕು ಬಾರಿ ಫೋನನ್ನು ಗುಣುಗುಣಿಸಿ ಹಸಿವಿಲ್ಲದವನಿಗೂ ಹಸಿವೆ ತರಿಸುತ್ತದೆ. ರಿಯಾಯಿತಿ, ಬಹುಮಾನ, ಸ್ನೇಹಿತನನ್ನು ಸೇರಿಸಿದರೆ ಉಡುಗೊರೆ - ಇವೆಲ್ಲ ಬಯಕೆಯ ಬಲೆಗಳು. ಅಮಲಿನ ಅಂಶವಿರುವ ಮದ್ದಿನ ಆ್ಯಪ್‌ನಲ್ಲಿ ಇವುಗಳಲ್ಲಿ ಒಂದೂ ಇರಕೂಡದು. ಅಲ್ಲಿ ಅಂಗಡಿಯ ಸಾಲಿನಂತೆ ಬಣ್ಣಬಣ್ಣದ ಸೀಸೆಗಳ ಚಿತ್ರ ಬೇಡ. ವೈದ್ಯರು ಬರೆದುಕೊಟ್ಟ ಔಷಧವೊಂದು ಮಾತ್ರ ಕಾಣಲಿ.

ಎರಡನೆಯದು ಮಿತಿ. ವೈದ್ಯರು ಹದಿನೈದು ದಿನಕ್ಕೆ ಬರೆದಿದ್ದರೆ ಹದಿನೈದು ದಿನಕ್ಕಾಗುವಷ್ಟೇ ಹೋಗಬೇಕು. 'ಮತ್ತೊಮ್ಮೆ ತರಿಸಿ' ಎಂಬ ಗುಂಡಿಯ ಜಾಗದಲ್ಲಿ 'ವೈದ್ಯರನ್ನು ಮತ್ತೊಮ್ಮೆ ಕಾಣಿರಿ' ಎಂಬ ಮಾತಿರಬೇಕು. ವೈದ್ಯರ ಸಂಬಳವು ಎಷ್ಟು ಸೀಸೆ ಮಾರಾಟವಾಯಿತೆಂಬುದರ ಮೇಲೆ ನಿಲ್ಲಬಾರದು. ಬರೆದುಕೊಡುವವನೂ ಮಾರುವವನೂ ಒಬ್ಬನೇ ಆದಾಗ ತಕ್ಕಡಿ ನೇರವಾಗಿ ನಿಲ್ಲುವುದು ಕಷ್ಟ. ಪೊಟ್ಟಣವನ್ನು ರೋಗಿಯ ಕೈಗೆ, ಇಲ್ಲವೇ ಮೊದಲೇ ಹೆಸರು ಕೊಟ್ಟ ಮನೆಯ ಹಿರಿಯರ ಕೈಗೆ ಕೊಡಬೇಕು. ಬಾಗಿಲ ಬಳಿ ಇಟ್ಟು ಹೋಗುವಂತಿಲ್ಲ, ಮಕ್ಕಳ ಕೈಗೆ ಕೊಡುವಂತಿಲ್ಲ.

ಮೂರನೆಯದಾಗಿ ಅಮಾನತ್. ರೋಗಿ ತನ್ನ ಕಾಯಿಲೆಯ ಗುಟ್ಟನ್ನು ನಿನ್ನ ಕೈಗೆ ಒಪ್ಪಿಸುತ್ತಾನೆ. ಮಗಳ ಮದುವೆ ನಿಶ್ಚಯವಾಗಿರುವ ಮನೆಗೆ ಗಾಂಜಾ ಔಷಧ ಬರುತ್ತಿದೆಯೆಂದು ಬೀದಿಗೆ ತಿಳಿದರೆ ಏನಾದೀತೆಂದು ನಿನಗೆ ಹೇಳಬೇಕಾಗಿಲ್ಲ. 2020ರ ಜನವರಿಯಲ್ಲಿ, ಅಮೆರಿಕದ ಗಾಂಜಾ ಅಂಗಡಿಗಳು ಲೆಕ್ಕ ಇಡಲು ಬಳಸುತ್ತಿದ್ದ ಸಾಫ್ಟ್‌ವೇರೊಂದರಿಂದ ರೋಗಿಗಳೂ ಸೇರಿದಂತೆ ಸುಮಾರು 30,000 ಜನರ ವಿವರಗಳು ಬೀಗವಿಲ್ಲದೆ ಬಯಲಲ್ಲಿ ಬಿದ್ದಿದ್ದವೆಂದು ಬೆಳಕಿಗೆ ಬಂತು. ಆದುದರಿಂದ ಬೇಕಾದಷ್ಟೇ ವಿವರ ಕೇಳು, ಕೆಲಸ ಮುಗಿದ ಮೇಲೆ ಅಳಿಸಿಹಾಕು, ಯಾರಿಗೂ ಮಾರಬೇಡ. ಪೊಟ್ಟಣದ ಹೊರಮೈ ಏನನ್ನೂ ಸಾರದಿರಲಿ.

ಇಲ್ಲಿ ಒಂದು ಕಷ್ಟವನ್ನು ಮುಚ್ಚಿಡಬಾರದು. ಮಿತಿಯನ್ನು ಬಿಗಿಯಾಗಿಟ್ಟರೆ ಯಾವುದೋ ರಾತ್ರಿ ನಿಜವಾದ ರೋಗಿಯೊಬ್ಬಳು ಕಾಯಬೇಕಾಗುತ್ತದೆ. ಸೀಸೆ ಒಡೆದಿರಬಹುದು, ವೈದ್ಯರು ಊರಲ್ಲಿಲ್ಲದಿರಬಹುದು. ಯಂತ್ರ 'ಇಲ್ಲ' ಎಂದರೆ ಅವಳ ಗತಿಯೇನು? ಈ ಪ್ರಶ್ನೆಗೆ ಯಂತ್ರದಲ್ಲಿ ಉತ್ತರವಿಲ್ಲ. ಅಂತಹ ಹೊತ್ತಿಗೆ ಫೋನು ಎತ್ತಿಕೊಳ್ಳಲು ಒಬ್ಬ ಫಾರ್ಮಸಿಸ್ಟ್ ಅಥವಾ ವೈದ್ಯ ಇರಬೇಕು. ಅವನ ಸಂಬಳ ಕಂಪೆನಿಗೆ ಖರ್ಚು. ಆ ಖರ್ಚನ್ನು ಒಪ್ಪದವನು ರೋಗಿಯ ಹೆಸರನ್ನು ಎತ್ತದಿರುವುದೇ ಲೇಸು.

ಹೊರುವವನ ಪಾಲು

ಮದ್ಯದ ವಿಷಯದಲ್ಲಿ ಪ್ರವಾದಿವರ್ಯರು(ಸ) ಹತ್ತು ಮಂದಿಯನ್ನು ಶಪಿಸಿದ್ದಾರೆಂದು ಹದೀಸ್‌ನಲ್ಲಿದೆ. ಅದರಲ್ಲಿ ಕುಡಿಯುವವನು, ಮಾರುವವನು ಮಾತ್ರವಲ್ಲ. ಹೊತ್ತು ತರುವವನೂ ಇದ್ದಾನೆ. ಪಾಪದ ಸರಪಳಿಯಲ್ಲಿ ನಡುವಿನ ಕೊಂಡಿಗೂ ಪಾಲಿದೆಯೆಂಬುದು ಇದರ ಪಾಠ. 'ನಾನು ಬರಿಯ ತಲುಪಿಸುವವನು' ಎಂಬ ಮಾತು ಅಲ್ಲಾಹನ ಮುಂದೆ ನೆಪವಾಗದು.

ಆದರೆ ತಿಳಿದು ಹೊರುವವನು ಬೇರೆ, ತಿಳಿಯದೆ ಹೊರುವವನು ಬೇರೆ. ಕಾಟನ್‌ಪೇಟೆಯಿಂದಲೋ ಚಿಕ್ಕಪೇಟೆಯಿಂದಲೋ ಪೊಟ್ಟಣ ಎತ್ತಿಕೊಂಡು ಓಡುವ ಹುಡುಗನಿಗೆ ಒಳಗೇನಿದೆಯೆಂದು ಯಾರೂ ಹೇಳುವುದಿಲ್ಲ. ಮಾದಕ ದ್ರವ್ಯದ ಕಾಯ್ದೆಯಲ್ಲಾದರೋ, ವಸ್ತು ಯಾರ ಬಳಿ ಸಿಕ್ಕಿತೋ ಅವನೇ ತನ್ನ ನಿರಪರಾಧವನ್ನು ತೋರಿಸಬೇಕಾದ ಹೊರೆಯಿದೆ. ಇಂಜಿನಿಯರ್ ತಣ್ಣನೆಯ ಕೋಣೆಯಲ್ಲಿ ಕುಳಿತಿರುವಾಗ ಠಾಣೆಯ ಬೆಂಚಿನ ಮೇಲೆ ಕೂರುವವನು ಈ ಹುಡುಗ. ಆದುದರಿಂದ ಅವನಿಗೆ ತಾನು ಹೊರುವುದೇನೆಂದು ತಿಳಿಸಬೇಕು, ಬಿಲ್ಲು ಮತ್ತು ವೈದ್ಯರ ಚೀಟಿಯ ಪ್ರತಿ ಅವನ ಬಳಿಯಿರಬೇಕು, ಬೇಡವೆನ್ನುವ ಹಕ್ಕಿರಬೇಕು, ಬೇಡವೆಂದುದಕ್ಕೆ ದಂಡ ಬೀಳಬಾರದು. ಆ್ಯಪ್ ಕಾರ್ಮಿಕರ ರಕ್ಷಣೆಗಾಗಿ ಕರ್ನಾಟಕವು 2025ರಲ್ಲಿ ಕಾನೂನು ಮಾಡಿದೆ. ಕಾನೂನು ಕೇಳುವ ಮೊದಲೇ ಮುಸ್ಲಿಮ್ ಮಾಲೀಕನ ಮನಸ್ಸಾಕ್ಷಿ ಕೇಳಬೇಕಿತ್ತಲ್ಲವೇ?

ಇಲ್ಲವೆನ್ನುವ ಧೈರ್ಯ

ಇಷ್ಟೆಲ್ಲ ಷರತ್ತುಗಳಿರುವ ಆ್ಯಪ್ ಲಾಭ ಮಾಡೀತೇ? ಬಹುಶಃ ಹೆಚ್ಚು ಮಾಡದು. ರೋಗಿ ಗುಣವಾದರೆ, ಮದ್ದಿನ ಅಗತ್ಯ ಕಡಿಮೆಯಾದರೆ, ಬೇಡಿಕೆಯೂ ಇಳಿಯಬೇಕು. ಬೇಡಿಕೆ ಇಳಿದುದನ್ನು ಗೆಲುವೆಂದು ಬರೆದುಕೊಳ್ಳುವ ವ್ಯಾಪಾರಿ ಅಪರೂಪ. ಹಣ ಹೂಡಿದವರು ತಿಂಗಳು ತಿಂಗಳಿಗೂ ಏರುವ ಲೆಕ್ಕ ಕೇಳುತ್ತಾರೆ. ಆಗ ಇಂಜಿನಿಯರ್‌ಗೆ ಪರೀಕ್ಷೆ ಎದುರಾಗುತ್ತದೆ: ಮಿತಿಯನ್ನು ಸಡಿಲಿಸುವುದೋ, ಕೆಲಸವನ್ನು ಬಿಡುವುದೋ?

'ನಾನು ಮಾಡದಿದ್ದರೆ ಇನ್ನೊಬ್ಬ ಮಾಡುತ್ತಾನೆ' ಎಂಬ ಸಮಾಧಾನ ಇಲ್ಲಿ ಸಲ್ಲದು. ಇನ್ನೊಬ್ಬನ ಲೆಕ್ಕವನ್ನು ಇನ್ನೊಬ್ಬ ಕೊಡುತ್ತಾನೆ. ನಿನ್ನದನ್ನು ನೀನೇ ಕೊಡಬೇಕು. ಮಿತಿಗಳನ್ನು ಒಪ್ಪುವ ಮಾಲೀಕನಿದ್ದರೆ ಕೂಡಿ ದುಡಿಯಬಹುದು. ಒಪ್ಪದಿದ್ದರೆ ಆ ಸಂಬಳಕ್ಕೆ ಸಲಾಮ್ ಹೇಳುವುದೇ ದಾರಿ. ರೋಗಿಯ ನೋವನ್ನು ಮುಂದೆ ನಿಲ್ಲಿಸಿ ಹಿಂದಿನಿಂದ ಅಮಲು ಮಾರುವುದು, ರೋಗಿಗೂ ಧರ್ಮಕ್ಕೂ ಒಟ್ಟಿಗೆ ಬಗೆಯುವ ದ್ರೋಹ.

ಪ್ರಿಯ ಓದುಗರೇ, ಕೊನೆಯ ಮಾತು ಮನೆಯವರಿಗೆ. ಮಗ ಒಳ್ಳೆಯ ಸಂಬಳ ತಂದಾಗ, 'ಎಷ್ಟು ಬಂತು?' ಎಂದು ಕೇಳುವ ಜೊತೆಗೆ 'ಯಾವ ಕೆಲಸದಿಂದ ಬಂತು?' ಎಂದೂ ಕೇಳಿರಿ. ಅವನು ಇಂತಹ ಕೆಲಸವನ್ನು ಬಿಟ್ಟು ಬರಿಗೈಯಲ್ಲಿ ಬಂದರೆ ಹಂಗಿಸದಿರಿ. ಅವನ ಧೈರ್ಯಕ್ಕೆ ಮನೆಯ ಬಲ ಬೇಕು. ನೆರೆಮನೆಗೆ ಇಂತಹ ಮದ್ದಿನ ಪೊಟ್ಟಣ ಬಂದುದು ಕಂಡರೆ ಊಹಾಪೋಹಕ್ಕೆ ಇಳಿಯದಿರಿ. ಒಳಗೆ ಹೋಗಿ ರೋಗಿಯ ಕ್ಷೇಮ ವಿಚಾರಿಸಿ, ದುಆ ಮಾಡಿ, ಆ ಮನೆಯವರಿಗೆ ಒಂದು ಹೊತ್ತಿನ ಅಡುಗೆ ಕೊಟ್ಟು ಬನ್ನಿ. ನೋವಿನಲ್ಲಿರುವವರ ಬಾಗಿಲಿಗೆ ಮದ್ದಿಗಿಂತ ಮೊದಲು ತಲುಪಬೇಕಾದುದು ನೆರೆಯವರು. ಅದಕ್ಕೆ ಯಾವ ಆ್ಯಪ್‌ನ ಅಗತ್ಯವೂ ಇಲ್ಲ.